ಒಪಿಎಲ್ಎಸ್ ಗುಣಾಂಕಗಳನ್ನು ಗ್ರೊಮ್ಯಾಕ್ಸ್‌ನಿಂದ ಲ್ಯಾಂಪ್ಸ್‌ಗೆ ತಂದ ಮೇಲೆ ಶಕ್ತಿ ತಾಳೆಯಾಗುತ್ತಿಲ್ಲ

ಸರಳಪಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಎರಡು ಪ್ರೋಗ್ರಾಮ್‌ಗಳ ನಡುವೆ, ಎನ್-ಡೆಕೇನ್ (ಹತ್ತು ಕಾರ್ಬನ್‌ಗಳ ಸರಪಳಿ) ದ್ರವದ ಬಾಕ್ಸ್ ಒಂದನ್ನು ಗ್ರೊಮ್ಯಾಕ್ಸ್‌ನಿಂದ ಲ್ಯಾಂಪ್ಸ್‌ಗೆ ತರುತ್ತಿದ್ದೇನೆ. ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಶಕ್ತಿಯ ಸೂತ್ರ ಮತ್ತು ಗುಣಾಂಕಗಳ ಕಟ್ಟು) ಒಪಿಎಲ್ಎಸ್-ಎಎ, ಒಟ್ಟು 200 ಅಣು. ಡೇಟಾ ಫೈಲ್‌ನಲ್ಲಿ 6400 ಪರಮಾಣು, 6200 ಬಾಂಡ್, 12000 ಆಂಗಲ್, 16200 ಡೈಹೆಡ್ರಲ್ (ನಾಲ್ಕು ಪರಮಾಣುಗಳ ತಿರುಚು ಕೋನ) ಇವೆ. ಟೈಪ್ 1 ತುದಿಯ ಕಾರ್ಬನ್, ಟೈಪ್ 2 ನಡುವಿನ ಕಾರ್ಬನ್, ಟೈಪ್ 3 ಹೈಡ್ರೋಜನ್. ಮುಂದೆ ಗ್ರಾಫೀನ್ ಹಾಳೆ ಸೇರಿಸುವ ಯೋಜನೆ ಇರುವುದರಿಂದ ಹೆಡರ್‌ನಲ್ಲಿ ಪರಮಾಣು ಟೈಪ್‌ಗಳ ಸಂಖ್ಯೆ 4 ಎಂದಿದೆ. ಇನ್‌ಪುಟ್‌ನ ಮುಖ್ಯ ಸಾಲುಗಳು:

ಯೂನಿಟ್ಸ್ ರಿಯಲ್
ಆಟಮ್_ಸ್ಟೈಲ್ ಫುಲ್
ಪೇರ್_ಸ್ಟೈಲ್ ಎಲ್‌ಜೆ/ಕಟ್/ಕೂಲ್/ಲಾಂಗ್ 12.0
ಬಾಂಡ್_ಸ್ಟೈಲ್ ಹಾರ್ಮೋನಿಕ್
ಆಂಗಲ್_ಸ್ಟೈಲ್ ಹಾರ್ಮೋನಿಕ್
ಡೈಹೆಡ್ರಲ್_ಸ್ಟೈಲ್ ಒಪಿಎಲ್ಎಸ್
ಕೆಸ್ಪೇಸ್_ಸ್ಟೈಲ್ ಪಿಪಿಪಿಎಂ 0.0001
ರೀಡ್_ಡೇಟಾ ಡೆಕೇನ್.ಡೇಟಾ
ಪೇರ್_ಕೋಎಫ್ * * 0.066 3.5
ಪೇರ್_ಕೋಎಫ್ 3 3 0.030 2.5
ಬಾಂಡ್_ಕೋಎಫ್ 1 536.0 1.529
ಬಾಂಡ್_ಕೋಎಫ್ 2 680.0 1.090
ಆಂಗಲ್_ಕೋಎಫ್ 1 116.7 112.7
ಆಂಗಲ್_ಕೋಎಫ್ 2 75.0 110.7
ಆಂಗಲ್_ಕೋಎಫ್ 3 66.0 107.8
ಡೈಹೆಡ್ರಲ್_ಕೋಎಫ್ 1 0.700 -0.350 0.050 -0.400
ಡೈಹೆಡ್ರಲ್_ಕೋಎಫ್ 2 0.150 0.450 0.000 -0.600
ಡೈಹೆಡ್ರಲ್_ಕೋಎಫ್ 3 0.150 0.450 0.000 -0.600

ಮೊದಲು 1 1, 2 2, 3 3 ಎಂದು ಮೂರೇ ಪೇರ್_ಕೋಎಫ್ ಸಾಲು ಇದ್ದವು. ಆಗ "ಆಲ್ ಪೇರ್ ಕೋಎಫ್ಸ್ ಆರ್ ನಾಟ್ ಸೆಟ್" ಎಂಬ ದೋಷ ಬಂತು. ಎರಡು ಕಾರ್ಬನ್‌ಗೂ ಒಂದೇ ಬೆಲೆಯಾದ್ದರಿಂದ ನಕ್ಷತ್ರ ಹಾಕಿ ಎಲ್ಲಕ್ಕೂ ಕೊಟ್ಟು, ಹೈಡ್ರೋಜನ್ನಿಗೆ ಮಾತ್ರ ಬೇರೆ ಬರೆದೆ. ದೋಷ ಹೋಯಿತು, ಓಟವೂ ಶುರುವಾಗುತ್ತದೆ. ಆದರೆ 298 ಕೆಲ್ವಿನ್, 1 ಅಟ್ಮಾಸ್ಫಿಯರ್‌ನಲ್ಲಿ ಬಾಕ್ಸ್ ಹಿಗ್ಗುತ್ತಲೇ ಹೋಗುತ್ತದೆ, ಸಾಂದ್ರತೆ 0.726 ಗ್ರಾಂ/ಘನ ಸೆಂ.ಮೀ. ಹತ್ತಿರಕ್ಕೂ ಸುಳಿಯುತ್ತಿಲ್ಲ. ಅದೇ ವಿನ್ಯಾಸದ ಶಕ್ತಿಯನ್ನು ಗ್ರೊಮ್ಯಾಕ್ಸ್‌ನೊಂದಿಗೆ ಹೋಲಿಸಿದರೆ ಬಾಂಡ್ ಶಕ್ತಿಯೂ ಆಂಗಲ್ ಶಕ್ತಿಯೂ ಸರಿಯಾಗಿ ಎರಡರಷ್ಟು ಬರುತ್ತವೆ. ಡೈಹೆಡ್ರಲ್ ಶಕ್ತಿಗೆ ಯಾವ ಲೆಕ್ಕವೂ ಹೊಂದುತ್ತಿಲ್ಲ. ಗ್ರೊಮ್ಯಾಕ್ಸ್ ಟೋಪಾಲಜಿಯಲ್ಲಿ ಕಾರ್ಬನ್-ಕಾರ್ಬನ್ ಬಾಂಡ್ 0.1529 ಮತ್ತು 224262.4 ಎಂದಿದೆ. ಕಾರ್ಬನ್ ಸರಪಳಿಯ ಡೈಹೆಡ್ರಲ್ 2.92880, -1.46440, 0.20920, -1.67360, 0, 0. ಏಕಮಾನ ಬದಲಾಯಿಸಲು ಎಲ್ಲವನ್ನೂ 4.184ರಿಂದ ಭಾಗಿಸಿದ್ದೇನೆ; ಬಾಂಡ್‌ಗೆ ನ್ಯಾನೋಮೀಟರ್ ವರ್ಗಕ್ಕಾಗಿ ಇನ್ನೂ 100ರಿಂದ. ಎಲ್ಲಿ ಎಡವುತ್ತಿದ್ದೇನೆ?

ಬಂಧಕೋನ

ಇಲ್ಲಿ ಒಂದಲ್ಲ, ನಾಲ್ಕು ಬೇರೆ ಬೇರೆ ತಪ್ಪುಗಳು ಒಟ್ಟಿಗೆ ಸೇರಿವೆ. ಪೇರ್‌ನಿಂದ ಶುರು ಮಾಡೋಣ, ಬಾಕ್ಸ್ ಹಿಗ್ಗಲು ಮುಖ್ಯ ಕಾರಣ ಅದೇ.

ಆ ದೋಷ ಸಂದೇಶ ಬಂದದ್ದು ಟೈಪ್ 4ರಿಂದ. ಹೆಡರ್‌ನಲ್ಲಿ ಎಷ್ಟು ಟೈಪ್ ಎಂದು ಬರೆದಿದ್ದೀರೋ ಅಷ್ಟಕ್ಕೂ ಗುಣಾಂಕ ಬೇಕು, ಆ ಟೈಪಿನ ಒಂದು ಪರಮಾಣುವೂ ಬಾಕ್ಸ್‌ನಲ್ಲಿ ಇರದಿದ್ದರೂ. ಲೆನಾರ್ಡ್-ಜೋನ್ಸ್ (ಎಲ್‌ಜೆ, ಬಾಂಡ್ ಇಲ್ಲದ ಪರಮಾಣುಗಳ ಆಕರ್ಷಣೆ-ವಿಕರ್ಷಣೆ) ತರಹದ, ಮಿಕ್ಸಿಂಗ್ (ಎರಡು ಟೈಪ್‌ಗಳ ಬೆಲೆಯಿಂದ ಅವುಗಳ ನಡುವಿನ ಜೋಡಿಯ ಬೆಲೆ ತೆಗೆಯುವುದು) ಇರುವ ಸ್ಟೈಲ್‌ಗಳಲ್ಲಿ ಲ್ಯಾಂಪ್ಸ್ ಕೇಳುವುದು ಕರ್ಣದ ಜೋಡಿಗಳನ್ನು ಮಾತ್ರ: 1 1, 2 2, 3 3, 4 4. ಉಳಿದ ಅಡ್ಡ ಜೋಡಿಗಳನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ನಿಮ್ಮ ಮೂರು ಸಾಲು ಸರಿಯಾಗಿಯೇ ಇದ್ದವು, ನಾಲ್ಕನೆಯದು ಇರಲಿಲ್ಲ, ಅಷ್ಟೇ. (ಬಕಿಂಗ್‌ಹ್ಯಾಮ್‌ನಂಥ ಸ್ಟೈಲ್‌ಗಳಲ್ಲಿ ಮಿಕ್ಸಿಂಗ್ ಇಲ್ಲ. ಅಲ್ಲಿ ಅಡ್ಡ ಜೋಡಿಗಳನ್ನೂ ಒಂದೂ ಬಿಡದೆ ಬರೆಯಬೇಕು, ಇಲ್ಲದಿದ್ದರೆ ಇದೇ ಸಂದೇಶ ಬರುತ್ತದೆ.)

ನಕ್ಷತ್ರ ಹಾಕಿದಾಗ ಆದದ್ದು ಬೇರೆ. "* *" ಎಂದರೆ 1 1ರಿಂದ 4 4ರವರೆಗಿನ ಎಲ್ಲ ಜೋಡಿಗೂ, ಅಡ್ಡ ಜೋಡಿಗಳೂ ಸೇರಿ, ಅದೇ ಬೆಲೆಯನ್ನು ನೀವೇ ನೇರವಾಗಿ ಕೊಟ್ಟಂತೆ. ಒಮ್ಮೆ ನೇರವಾಗಿ ಕೊಟ್ಟ ಜೋಡಿಯನ್ನು ಲ್ಯಾಂಪ್ಸ್ ಮಿಕ್ಸಿಂಗ್‌ಗೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಬರೆದ "3 3" ಸಾಲು ಹೈಡ್ರೋಜನ್-ಹೈಡ್ರೋಜನ್ ಜೋಡಿಯನ್ನು ಮಾತ್ರ ತಿದ್ದಿತು. 1 3 ಮತ್ತು 2 3 ಜೋಡಿಗಳು ಕಾರ್ಬನ್-ಕಾರ್ಬನ್ ಬೆಲೆಯಲ್ಲೇ ಕುಳಿತಿವೆ.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ಒಂದು ದೂರಕ್ಕೆ ಲೆಕ್ಕ ಹಾಕಿ ನೋಡಿ. ಜ್ಯಾಮಿತೀಯ ಮಿಕ್ಸಿಂಗ್ ಪ್ರಕಾರ ಕಾರ್ಬನ್-ಹೈಡ್ರೋಜನ್ ಎಪ್ಸಿಲಾನ್ (ಆಕರ್ಷಣೆಯ ಆಳ) 0.0445, ಸಿಗ್ಮಾ (ಶಕ್ತಿ ಸೊನ್ನೆಯಾಗುವ ದೂರ) 2.958. ಎರಡು ಪರಮಾಣು 2.9 ಆಂಗ್‌ಸ್ಟ್ರಾಮ್ ದೂರದಲ್ಲಿದ್ದರೆ ಶಕ್ತಿ 0.025 ಕಿ.ಕ್ಯಾಲರಿ/ಮೋಲ್. ನಿಮ್ಮ ಬೆಲೆಯಲ್ಲಿ, ಅಂದರೆ 0.066 ಮತ್ತು 3.5ರಲ್ಲಿ, ಅದೇ ದೂರಕ್ಕೆ 1.7 ಕಿ.ಕ್ಯಾಲರಿ/ಮೋಲ್. ಅಣುಗಳ ಹೊರಮೈಯೆಲ್ಲ ಹೈಡ್ರೋಜನ್ನೇ ಆಗಿರುವ ದ್ರವದಲ್ಲಿ ಇಂಥ ಜೋಡಿಗಳು ಅಸಂಖ್ಯ. ಬಾಕ್ಸ್ ಹಿಗ್ಗದೆ ಇನ್ನೇನು ಮಾಡೀತು?

ಹೀಗೆ ಬರೆಯಿರಿ:

ಪೇರ್_ಮಾಡಿಫೈ ಮಿಕ್ಸ್ ಜಿಯೊಮೆಟ್ರಿಕ್
ಪೇರ್_ಕೋಎಫ್ 1 1 0.066 3.5
ಪೇರ್_ಕೋಎಫ್ 2 2 0.066 3.5
ಪೇರ್_ಕೋಎಫ್ 3 3 0.030 2.5
ಪೇರ್_ಕೋಎಫ್ 4 4 0.070 3.55
ಸ್ಪೆಷಲ್_ಬಾಂಡ್ಸ್ ಎಲ್‌ಜೆ/ಕೂಲ್ 0.0 0.0 0.5

ಎಲ್‌ಜೆ/ಕಟ್ ಕುಟುಂಬದಲ್ಲಿ ಜಿಯೊಮೆಟ್ರಿಕ್ ತಾನಾಗಿಯೇ ಇರುತ್ತದೆ, ಆದರೂ ಬರೆದಿಡಿ. ನಾಳೆ ಯಾರಾದರೂ ಸ್ಟೈಲನ್ನು ಎಲ್‌ಜೆ/ಚಾರ್ಮ್ ಬಗೆಯದಕ್ಕೆ ಬದಲಿಸಿದರೆ ಅಲ್ಲಿನ ಪೂರ್ವನಿಗದಿ ಅರಿತ್‌ಮೆಟಿಕ್. ಯಾವ ಎಚ್ಚರಿಕೆಯೂ ಇಲ್ಲದೆ ಕಾರ್ಬನ್-ಹೈಡ್ರೋಜನ್ ಸಿಗ್ಮಾ 2.958ರಿಂದ 3.0ಕ್ಕೆ ಏರುತ್ತದೆ.

ಸ್ಪೆಷಲ್_ಬಾಂಡ್ಸ್ ಸಾಲು ನಿಮ್ಮ ಇನ್‌ಪುಟ್‌ನಲ್ಲಿ ಇಲ್ಲವೇ ಇಲ್ಲ. ಅದರ ಪೂರ್ವನಿಗದಿ 0 0 0. ಅಂದರೆ 1-4 ಜೋಡಿಗಳು (ಮೂರು ಬಾಂಡ್ ಆಚೆಯ ಪರಮಾಣುಗಳು) ಪೂರ್ತಿ ಮಾಯ. ಒಪಿಎಲ್ಎಸ್‌ನಲ್ಲಿ ಡೈಹೆಡ್ರಲ್ ಗುಣಾಂಕಗಳನ್ನು ಹೊಂದಿಸಿರುವುದೇ ಅರ್ಧ ತೂಕದ 1-4 ಜೋಡಿಗಳು ಇವೆ ಎಂದು ಇಟ್ಟುಕೊಂಡು. ಗ್ರೊಮ್ಯಾಕ್ಸ್ ಕಡೆ ಈ ಎರಡೂ ವಿಷಯ ಫೋರ್ಸ್ ಫೀಲ್ಡ್ ಫೈಲಿನ ಡಿಫಾಲ್ಟ್ಸ್ ಸಾಲಿನಲ್ಲಿವೆ: "1 3 ಯೆಸ್ 0.5 0.5". ಅಲ್ಲಿನ 3 ಎಂದರೆ ಸಿಗ್ಮಾ, ಎಪ್ಸಿಲಾನ್ ಎರಡಕ್ಕೂ ಜ್ಯಾಮಿತೀಯ ಸರಾಸರಿ. ಕೊನೆಯ ಎರಡು 0.5 ಎಂದರೆ 1-4 ಲೆನಾರ್ಡ್-ಜೋನ್ಸ್ ಮತ್ತು 1-4 ಕೂಲಂಬ್‌ನ ತೂಕ. ಯಾವ ಟೋಪಾಲಜಿಯನ್ನು ತರುವಾಗಲೂ ಮೊದಲು ಓದಬೇಕಾದ ಸಾಲು ಅದು.

ಈಗ ಬಾಂಡ್ ಮತ್ತು ಆಂಗಲ್. ಗ್ರೊಮ್ಯಾಕ್ಸ್ ಸೂತ್ರ ½ × ಕೆ × (ಆರ್ − ಆರ್0)². ಲ್ಯಾಂಪ್ಸ್‌ನ ಹಾರ್ಮೋನಿಕ್‌ನಲ್ಲಿ ಆ ½ ಕೆ ಒಳಗೇ ಸೇರಿದೆ. ಹಾಗಾಗಿ ಬಾಂಡ್‌ಗೆ ಭಾಜಕ 418.4 ಅಲ್ಲ, 836.8. ಆಂಗಲ್‌ಗೆ 4.184 ಅಲ್ಲ, 8.368. 224262.4ನ್ನು 836.8ರಿಂದ ಭಾಗಿಸಿದರೆ 268.0, ಒಪಿಎಲ್ಎಸ್ ಕೋಷ್ಟಕದಲ್ಲಿ ಇರುವ ಸಂಖ್ಯೆಯೂ ಅದೇ. ಕಾರ್ಬನ್-ಹೈಡ್ರೋಜನ್‌ಗೆ 340.0. ಆಂಗಲ್‌ಗಳು 58.35, 37.5 ಮತ್ತು 33.0. ಆಂಗಲ್‌ನ ಕೆ ರೇಡಿಯನ್ ಲೆಕ್ಕದಲ್ಲಿ, ಸಮತೋಲನ ಕೋನ ಡಿಗ್ರಿಯಲ್ಲಿ. ಎರಡೂ ಕಡೆ ಇದೇ ರೂಢಿ ಇರುವುದರಿಂದ ಡಿಗ್ರಿ-ರೇಡಿಯನ್ ಪರಿವರ್ತನೆ ಮಾಡಲು ಹೋಗಬೇಡಿ.

ಶೇಕ್ ಹಾಕಿ ಕಾರ್ಬನ್-ಹೈಡ್ರೋಜನ್ ಬಾಂಡ್‌ಗಳನ್ನು ಬಿಗಿ ಮಾಡುವ ಯೋಚನೆ ಇದ್ದರೂ ಬಾಂಡ್_ಕೋಎಫ್ ಸಾಲು ತೆಗೆಯುವಂತಿಲ್ಲ. ಎಷ್ಟು ಉದ್ದಕ್ಕೆ ಬಿಗಿ ಮಾಡಬೇಕು ಎಂಬುದನ್ನು ಶೇಕ್ ಅಲ್ಲಿಂದಲೇ ಓದಿಕೊಳ್ಳುತ್ತದೆ.

ಡೈಹೆಡ್ರಲ್ ಬಗ್ಗೆ ತಿಳಿದವರು ಮುಂದುವರಿಸಲಿ. ಅಲ್ಲಿ ಭಾಜಕವಲ್ಲ, ಸೂತ್ರವೇ ಬೇರೆ.

ತಿರುಚುಕೋನ

ಹೌದು, ಡೈಹೆಡ್ರಲ್‌ನಲ್ಲಿ ಎರಡು ಬೇರೆ ಸೂತ್ರಗಳ ಗುಣಾಂಕಗಳು ಅದಲು ಬದಲಾಗಿವೆ. ಗ್ರೊಮ್ಯಾಕ್ಸ್ ಟೋಪಾಲಜಿಯಲ್ಲಿರುವ ಆರು ಸಂಖ್ಯೆಗಳು ರೈಕಾರ್ಟ್-ಬೆಲ್ಲೆಮನ್ಸ್ ಗುಣಾಂಕಗಳು, ಸಿ0ರಿಂದ ಸಿ5. ಅವು ಕೊಸೈನ್‌ನ ಘಾತಗಳ ಮೊತ್ತ. ಅಲ್ಲಿ ಕೋನವನ್ನು ಟ್ರಾನ್ಸ್ (ಸರಪಳಿ ನೇರವಾಗಿ ಚಾಚಿದ ಸ್ಥಿತಿ) ಸೊನ್ನೆ ಎಂದು ಅಳೆಯುತ್ತಾರೆ. ಲ್ಯಾಂಪ್ಸ್‌ನ ಒಪಿಎಲ್ಎಸ್ ಸ್ಟೈಲ್ ಕೇಳುವುದು ಫೂರಿಯೆ ರೂಪದ ನಾಲ್ಕು ಗುಣಾಂಕಗಳನ್ನು:

½ ಕೆ1 (1 + ಕಾಸ್ ಫೈ) + ½ ಕೆ2 (1 − ಕಾಸ್ 2ಫೈ) + ½ ಕೆ3 (1 + ಕಾಸ್ 3ಫೈ) + ½ ಕೆ4 (1 − ಕಾಸ್ 4ಫೈ)

ಇಲ್ಲಿ ಟ್ರಾನ್ಸ್ 180 ಡಿಗ್ರಿ. ಪರಿವರ್ತನೆ ಹೀಗೆ:

ಕೆ1 = −2 ಸಿ1 − 1.5 ಸಿ3
ಕೆ2 = −ಸಿ2 − ಸಿ4
ಕೆ3 = −ಸಿ3 ÷ 2
ಕೆ4 = −ಸಿ4 ÷ 4

ಆಮೇಲೆ 4.184ರಿಂದ ಭಾಗಿಸಿ. ಇಲ್ಲಿ ½ ಸೂತ್ರದಲ್ಲೇ ಹೊರಗಡೆ ಇದೆ, ಹಾಗಾಗಿ ಇನ್ನೊಮ್ಮೆ ಅರ್ಧ ಮಾಡಬೇಡಿ. ಬಾಂಡ್ ತಿದ್ದಿದ ಭರದಲ್ಲಿ ಇದನ್ನೂ 8.368ರಿಂದ ಭಾಗಿಸುವವರಿದ್ದಾರೆ.

ನಿಮ್ಮ ಸರಪಳಿಗೆ ಲೆಕ್ಕ ಹಾಕಿದರೆ: ಕೆ1 = 2.9288 + 2.5104 = 5.4392 ಕಿಲೋಜೌಲ್, ಅಂದರೆ 1.300 ಕಿ.ಕ್ಯಾಲರಿ. ಕೆ2 = −0.050. ಕೆ3 = 0.200. ಕೆ4 = 0. ಹೈಡ್ರೋಜನ್ ಇರುವ ಎರಡು ಬಗೆಯವು (0.62760, 1.88280, 0, −2.51040) 0, 0, 0.300, 0 ಆಗುತ್ತವೆ.

ಡೈಹೆಡ್ರಲ್_ಕೋಎಫ್ 1 1.300 -0.050 0.200 0.000
ಡೈಹೆಡ್ರಲ್_ಕೋಎಫ್ 2 0.000 0.000 0.300 0.000
ಡೈಹೆಡ್ರಲ್_ಕೋಎಫ್ 3 0.000 0.000 0.300 0.000

ಹಳೆಯ ಸಾಲುಗಳು ಎಷ್ಟು ಅಪಾಯಕಾರಿ ಎಂದು ಹೇಳಲೇಬೇಕು, ಏಕೆಂದರೆ ಓಟ ಕುಸಿಯುವುದಿಲ್ಲ, ತಪ್ಪು ಭೌತಶಾಸ್ತ್ರ ಸದ್ದಿಲ್ಲದೆ ಹೊರಬರುತ್ತದೆ. ಈ ಸೂತ್ರದಲ್ಲಿ ಟ್ರಾನ್ಸ್ ಕೋನದ ಶಕ್ತಿ ಯಾವ ಗುಣಾಂಕ ಕೊಟ್ಟರೂ ಸೊನ್ನೆಯೇ. ಸರಿಯಾದ ಗುಣಾಂಕದಲ್ಲಿ 60 ಡಿಗ್ರಿಯ ಗೌಶ್‌ಗೆ (ಬಾಗಿದ ಸ್ಥಿತಿಗೆ) ತಿರುಚು ಶಕ್ತಿ 0.94 ಕಿ.ಕ್ಯಾಲರಿ. ನೀವು ಹಾಕಿದ 0.700, −0.350, 0.050, −0.400ರಲ್ಲಿ ಅದು −0.04! ಟ್ರಾನ್ಸ್‌ಗಿಂತ ಗೌಶ್ ತುಸು ಕೆಳಗೆ. ಹೈಡ್ರೋಜನ್ ಡೈಹೆಡ್ರಲ್‌ನ ಗತಿ ಇನ್ನೂ ಕೆಟ್ಟದ್ದು. 120 ಡಿಗ್ರಿಯಲ್ಲಿ 0.30 ಇರಬೇಕಾದ ತಡೆ −0.075 ಆಗಿ, ಮೀಥೈಲ್ ತಿರುಗುವಿಕೆಗೆ ತಡೆಯೇ ಇಲ್ಲದಂತಾಗಿದೆ. ಸರಪಳಿ ಮುದುಡಿಕೊಳ್ಳುತ್ತದೆ, ಸ್ನಿಗ್ಧತೆ ತಪ್ಪುತ್ತದೆ, ಆದರೂ ತಾಪಮಾನದ ಗ್ರಾಫ್ ನೋಡಿದರೆ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ.

ಫೈಲಿನಲ್ಲಿ ಇರುವುದು ಯಾವ ರೂಪ ಎಂದು ಸಂಶಯ ಬಂದರೆ ಸಿ0ರಿಂದ ಸಿ5ವರೆಗೆ ಕೂಡಿಸಿ ನೋಡಿ. ಒಪಿಎಲ್ಎಸ್‌ನಿಂದ ಬಂದ ರೈಕಾರ್ಟ್-ಬೆಲ್ಲೆಮನ್ಸ್ ಆಗಿದ್ದರೆ ಮೊತ್ತ ಸೊನ್ನೆ ಬರಬೇಕು, ಏಕೆಂದರೆ ಟ್ರಾನ್ಸ್‌ನಲ್ಲಿ ಶಕ್ತಿ ಸೊನ್ನೆ. ನಿಮ್ಮದು: 2.9288 − 1.4644 + 0.2092 − 1.6736 = 0. ಸರಿ ಇದೆ.

ಇನ್ನೊಂದು ಮಾತು. ಆಲ್ಕೇನ್ ಸರಪಳಿಗೆ ಒಪಿಎಲ್ಎಸ್ ಹೆಸರಿನಲ್ಲೇ ಎರಡು ಕಟ್ಟು ಗುಣಾಂಕಗಳು ಓಡಾಡುತ್ತವೆ. 1996ರ ಮೂಲ ಕಟ್ಟು 1.740, −0.157, 0.279, ಅದರ ಜೊತೆಯ ಹೈಡ್ರೋಜನ್ ಡೈಹೆಡ್ರಲ್‌ಗಳು 0.366 ಮತ್ತು 0.318. ನಿಮ್ಮ ಟೋಪಾಲಜಿಯಲ್ಲಿರುವುದು ನಂತರದ 1.300, −0.050, 0.200 ಮತ್ತು 0.300. ಯಾವುದನ್ನಾದರೂ ಬಳಸಿ, ಆದರೆ ಒಂದರ ಸರಪಳಿಗೆ ಇನ್ನೊಂದರ ಹೈಡ್ರೋಜನ್ ಜೋಡಿಸಬೇಡಿ. ಸರಪಳಿ ಇನ್ನೂ ಉದ್ದವಾಗುವುದಿದ್ದರೆ ಸಾದಾ ಒಪಿಎಲ್ಎಸ್-ಎಎ ದ್ರವವನ್ನು ಬೇಗ ಹೆಪ್ಪುಗಟ್ಟಿಸುತ್ತದೆ. 2012ರ ಎಲ್-ಒಪಿಎಲ್ಎಸ್ ತಿದ್ದುಪಡಿ ಬಂದಿರುವುದೇ ಅದಕ್ಕಾಗಿ.

ಶೂನ್ಯಹೆಜ್ಜೆ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಹೇಗೆ ಪರೀಕ್ಷಿಸಬೇಕು ಎಂಬುದನ್ನು ಸೇರಿಸುತ್ತೇನೆ. 200 ಅಣುಗಳ ಬಾಕ್ಸ್‌ನಲ್ಲಿ ಒಟ್ಟು ಶಕ್ತಿ ಹೋಲಿಸಿದರೆ ಒಂದು ತಪ್ಪು ಇನ್ನೊಂದನ್ನು ಮರೆಮಾಡುತ್ತದೆ. ಒಂದೇ ಅಣು ತೆಗೆದುಕೊಳ್ಳಿ, 60 ಆಂಗ್‌ಸ್ಟ್ರಾಮ್ ಬಾಕ್ಸ್‌ನಲ್ಲಿ ಇಡಿ, "ರನ್ 0" ಕೊಟ್ಟು ಪದ ಪದವಾಗಿ ತಾಳೆ ಹಾಕಿ. ಡೆಕೇನ್‌ಗಿಂತಲೂ ಬ್ಯೂಟೇನ್ ಅನುಕೂಲ: ಮೂರೂ ಬಗೆಯ ಆಂಗಲ್, ಮೂರೂ ಬಗೆಯ ಡೈಹೆಡ್ರಲ್ ಅದರಲ್ಲೇ ಸಿಗುತ್ತವೆ. ಎಣಿಕೆಯೂ ಕೈಯಲ್ಲೇ ಆಗುತ್ತದೆ: 13 ಬಾಂಡ್, 24 ಆಂಗಲ್ (2 + 14 + 8), 27 ಡೈಹೆಡ್ರಲ್ (1 + 10 + 16). ಎಣಿಕೆ ಹೊಂದದಿದ್ದರೆ ಗುಣಾಂಕ ನೋಡುವ ಮೊದಲು ಡೇಟಾ ಫೈಲನ್ನೇ ತಿದ್ದಬೇಕು.

ಥರ್ಮೋ ಸಾಲಿನಲ್ಲಿ ಇಬಾಂಡ್, ಇಆಂಗಲ್, ಇಡೈಹೆಡ್, ಇವಿಡಿಡಬ್ಲ್ಯುಎಲ್ (ಎಲ್‌ಜೆ), ಇಕೂಲ್ (ಹತ್ತಿರದ ಕೂಲಂಬ್), ಇಲಾಂಗ್ (ದೂರದ ಕೂಲಂಬ್) ಎಲ್ಲವನ್ನೂ ಬೇರೆ ಬೇರೆ ಮುದ್ರಿಸಿ. ಮೊದಲ ಸುತ್ತಿನಲ್ಲಿ ಕೂಲಂಬ್ ಬೇಡವೇ ಬೇಡ. ಪೇರ್_ಸ್ಟೈಲ್ ಎಲ್‌ಜೆ/ಕಟ್ 20.0 ಇಟ್ಟು, ಕೆಸ್ಪೇಸ್ (ದೂರದ ಕೂಲಂಬ್ ಲೆಕ್ಕ) ತೆಗೆದು, ಗ್ರೊಮ್ಯಾಕ್ಸ್ ಕಡೆಯೂ ಚಾರ್ಜ್‌ಗಳನ್ನೆಲ್ಲ ಸೊನ್ನೆ ಮಾಡಿ. ಬಾಂಡ್, ಆಂಗಲ್, ಡೈಹೆಡ್ರಲ್, ಎಲ್‌ಜೆ ನಾಲ್ಕೂ ಹೊಂದಿದ ಮೇಲೆ ಚಾರ್ಜ್ ತನ್ನಿ.

ನಿರ್ದೇಶಾಂಕಗಳ ಬಗ್ಗೆ ಎಚ್ಚರ. ಗ್ರೋ ಫೈಲಿನಲ್ಲಿ ಸಾಮಾನ್ಯವಾಗಿ ಮೂರೇ ದಶಮಾಂಶ, ಅಂದರೆ 0.01 ಆಂಗ್‌ಸ್ಟ್ರಾಮ್ ಹೆಜ್ಜೆ. ಕಾರ್ಬನ್-ಹೈಡ್ರೋಜನ್ ಬಾಂಡ್ 0.03 ಆಂಗ್‌ಸ್ಟ್ರಾಮ್ ಹಿಗ್ಗಿದ್ದಾಗ ಉದ್ದದಲ್ಲಿ 0.005ರಷ್ಟು ವ್ಯತ್ಯಾಸವಾದರೂ ಶಕ್ತಿ 2 × 340 × 0.03 × 0.005 = 0.1 ಕಿ.ಕ್ಯಾಲರಿ ಬದಲಾಗುತ್ತದೆ, ಅದೂ ಒಂದೇ ಬಾಂಡ್‌ಗೆ. ಟ್ರಾಜೆಕ್ಟರಿಯಿಂದ ಒಂದು ಕಡೆ, ಗ್ರೋ ಫೈಲಿನಿಂದ ಇನ್ನೊಂದು ಕಡೆ ತೆಗೆದುಕೊಂಡರೆ ಗುಣಾಂಕ ಸರಿ ಇದ್ದರೂ ತಾಳೆಯಾಗುವುದಿಲ್ಲ. ಎರಡೂ ಪ್ರೋಗ್ರಾಮ್‌ಗೆ ಒಂದೇ ಗ್ರೋ ಫೈಲಿನ ಸಂಖ್ಯೆಗಳನ್ನೇ 10ರಿಂದ ಗುಣಿಸಿ ಕೊಡಿ. ಗ್ರೊಮ್ಯಾಕ್ಸ್‌ನಲ್ಲಿ ಎಂಡಿರನ್‌ಗೆ ರೀರನ್ ಆಯ್ಕೆ ಹಾಕಿ ಆ ಫೈಲನ್ನೇ ಕೊಟ್ಟರೆ ಸಾಕು.

ಹೋಲಿಸುವಾಗ ಹೆಸರುಗಳು ಒಂದಕ್ಕೊಂದು ನೇರವಾಗಿ ಕೂಡುವುದಿಲ್ಲ. ಗ್ರೊಮ್ಯಾಕ್ಸ್ ಎಲ್‌ಜೆ-14 ಮತ್ತು ಕೂಲಂಬ್-14 ಅನ್ನು ಪ್ರತ್ಯೇಕ ತೋರಿಸುತ್ತದೆ, ಲ್ಯಾಂಪ್ಸ್ ಅವನ್ನು ಇವಿಡಿಡಬ್ಲ್ಯುಎಲ್ ಮತ್ತು ಇಕೂಲ್ ಒಳಗೇ ಸೇರಿಸುತ್ತದೆ. ಆದ್ದರಿಂದ ಇವಿಡಿಡಬ್ಲ್ಯುಎಲ್ = ಎಲ್‌ಜೆ (ಎಸ್‌ಆರ್) + ಎಲ್‌ಜೆ-14. ಕೂಲಂಬ್‌ನಲ್ಲಿ ಇಕೂಲ್ + ಇಲಾಂಗ್ ಮೊತ್ತವನ್ನು ಅಲ್ಲಿನ ಮೂರು ಕೂಲಂಬ್ ಪದಗಳ ಮೊತ್ತದೊಂದಿಗೆ ಹೋಲಿಸಿ. ಬಿಡಿ ಬಿಡಿಯಾಗಿ ಹೋಲಿಸಿದರೆ ಎಂದಿಗೂ ಹೊಂದುವುದಿಲ್ಲ, ಏಕೆಂದರೆ ಹತ್ತಿರದ ಭಾಗ, ದೂರದ ಭಾಗ ಎಂದು ಒಡೆಯುವ ಗೆರೆ ಎರಡರಲ್ಲೂ ಬೇರೆ. ಈ ಪರೀಕ್ಷೆಗೆ ಪಿಪಿಪಿಎಂ ನಿಖರತೆಯನ್ನು 0.000001ಕ್ಕೆ ಇಳಿಸಿ, 0.0001ರಲ್ಲಿ ಉಳಿಯುವ ಸಣ್ಣ ವ್ಯತ್ಯಾಸ ಗುಣಾಂಕದ ತಪ್ಪಿನಂತೆ ಕಂಡು ದಾರಿ ತಪ್ಪಿಸುತ್ತದೆ.

ಮಿಕ್ಸಿಂಗ್ ಆದ ಮೇಲೆ ನಿಜವಾಗಿ ಯಾವ ಬೆಲೆ ಕುಳಿತಿದೆ ಎಂದು ನೋಡಲು:

ರೈಟ್_ಡೇಟಾ ತಪಾಸಣೆ.ಡೇಟಾ ಪೇರ್ ಐಜೆ

ಹೊಸ ಫೈಲಿನ ಪೇರ್‌ಐಜೆ ಕೋಎಫ್ಸ್ ವಿಭಾಗದಲ್ಲಿ 1 3 ಸಾಲು 0.0445, 2.958 ಎಂದಿರಬೇಕು. ಅಲ್ಲಿ 0.066, 3.5 ಕಂಡರೆ ಇನ್‌ಪುಟ್‌ನಲ್ಲಿ ಎಲ್ಲೋ ನಕ್ಷತ್ರ ಉಳಿದಿದೆ. ಗ್ರೊಮ್ಯಾಕ್ಸ್ ಬಳಸಿದ ಸಂಖ್ಯೆಗಳನ್ನು ನೋಡಲು ಟಿಪಿಆರ್ ಫೈಲಿನ ಮೇಲೆ ಡಂಪ್ ಓಡಿಸಿ. ಟೋಪಾಲಜಿ ಫೈಲಿನಲ್ಲಿ ಹುಡುಕುವುದಕ್ಕಿಂತ ಇದು ಖಚಿತ, ಏಕೆಂದರೆ ವೈಲ್ಡ್‌ಕಾರ್ಡ್ ಡೈಹೆಡ್ರಲ್‌ಗಳಲ್ಲಿ ಯಾವ ಸಾಲು ಆಯ್ಕೆಯಾಯಿತು ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ.

ಸರಳಪಳಿ

ಎಲ್ಲರಿಗೂ ತುಂಬಾ ಧನ್ಯವಾದ. ತಿದ್ದಿದ ಮೇಲೆ ಬ್ಯೂಟೇನ್‌ನಲ್ಲಿ ಬಾಂಡ್, ಆಂಗಲ್, ಡೈಹೆಡ್ರಲ್ ಮೂರೂ ನಾಲ್ಕನೆಯ ದಶಮಾಂಶದವರೆಗೆ ಹೊಂದುತ್ತಿವೆ. 1 3 ಸಾಲೂ 0.0445 ತೋರಿಸುತ್ತಿದೆ. ಎಲ್‌ಜೆ ಒಂದೇ ಅಣುವಿಗೆ ಸರಿಯಾಗಿದೆ, ಆದರೆ 200 ಅಣುಗಳ ಬಾಕ್ಸ್‌ನಲ್ಲಿ ಇನ್ನೂ ಸ್ವಲ್ಪ ವ್ಯತ್ಯಾಸ ಉಳಿದಿದೆ. ಎರಡೂ ಕಡೆ ಕಟಾಫ್ (ಜೋಡಿ ಶಕ್ತಿಯ ಲೆಕ್ಕ ನಿಲ್ಲಿಸುವ ದೂರ) 12 ಆಂಗ್‌ಸ್ಟ್ರಾಮ್. ಇನ್ನೊಂದು ವಿಷಯ: ಗ್ರಾಫೀನನ್ನು ಟರ್ಸಾಫ್‌ನಲ್ಲಿ (ಬಾಂಡ್ ಪಟ್ಟಿ ಇಲ್ಲದೆ ನೆರೆಯ ಪರಮಾಣುಗಳಿಂದಲೇ ಶಕ್ತಿ ಲೆಕ್ಕ ಹಾಕುವ ಪೇರ್ ಸ್ಟೈಲ್) ಓಡಿಸಿ, ಡೆಕೇನ್‌ನೊಂದಿಗೆ ಎಲ್‌ಜೆ ಇಡಬೇಕೆಂದಿದ್ದೇನೆ. ಟೈಪ್ 4ಕ್ಕೆ ಆಗ ಹೇಗೆ ಬರೆಯಬೇಕು?

ಶೂನ್ಯಹೆಜ್ಜೆ

ಉಳಿದ ವ್ಯತ್ಯಾಸ ಗುಣಾಂಕದ್ದಲ್ಲ, ಕಟಾಫ್ ಅಂಚಿನದು. ಗ್ರೊಮ್ಯಾಕ್ಸ್‌ನ ವರ್ಲೆ ವಿಧಾನದಲ್ಲಿ ವಿಡಿಡಬ್ಲ್ಯು-ಮಾಡಿಫೈಯರ್ ಪೂರ್ವನಿಗದಿಯಾಗಿ ಪೊಟೆನ್ಶಿಯಲ್-ಶಿಫ್ಟ್ ಇರುತ್ತದೆ: ಕಟಾಫ್‌ನಲ್ಲಿ ಶಕ್ತಿ ಸೊನ್ನೆಯಾಗುವಂತೆ ಪ್ರತಿ ಜೋಡಿಯ ಶಕ್ತಿಯನ್ನೂ ಮೇಲೆತ್ತುತ್ತದೆ. ಲ್ಯಾಂಪ್ಸ್ ಹಾಗೆ ಮಾಡುವುದಿಲ್ಲ. ಹೋಲಿಕೆಗಾಗಿ ಅಲ್ಲಿ ವಿಡಿಡಬ್ಲ್ಯು ಮತ್ತು ಕೂಲಂಬ್ ಎರಡೂ ಮಾಡಿಫೈಯರ್‌ಗಳನ್ನು ನನ್ ಮಾಡಿ, ಡಿಸ್ಪ್‌ಕಾರ್ ನೋ ಇಡಿ. ಇಲ್ಲಿ ಪೇರ್_ಮಾಡಿಫೈ ಶಿಫ್ಟ್ ನೋ ಟೇಲ್ ನೋ. ಆಗ ಹೊಂದುತ್ತದೆ.

ನಿಜವಾದ ಓಟಕ್ಕೆ ಮಾತ್ರ ಟೇಲ್ (ಕಟಾಫ್ ಆಚೆಯ ಎಲ್‌ಜೆಗೆ ತಿದ್ದುಪಡಿ) ಯೆಸ್ ಹಾಕಿ, ಏಕೆಂದರೆ ಅದು ಒತ್ತಡಕ್ಕೂ ಸೇರುತ್ತದೆ. ಸಾಂದ್ರತೆ ಅದರ ಮೇಲೆ ನಿಂತಿದೆ. ಟೇಲ್ ಮತ್ತು ಶಿಫ್ಟ್ ಎರಡನ್ನೂ ಒಟ್ಟಿಗೆ ಯೆಸ್ ಮಾಡಲು ಲ್ಯಾಂಪ್ಸ್ ಬಿಡುವುದಿಲ್ಲ. ಟೇಲ್ ಹಾಕಿದ ಮೇಲೆ ಎರಡು ಪ್ರೋಗ್ರಾಮ್‌ಗಳ ನಡುವೆ ಮತ್ತೆ ತುಸು ವ್ಯತ್ಯಾಸ ಕಂಡರೆ ಗಾಬರಿ ಬೇಡ. ಲ್ಯಾಂಪ್ಸ್ ಟೈಪ್ ಜೋಡಿಗಳ ಬೆಲೆಯಿಂದ ಲೆಕ್ಕ ಹಾಕುತ್ತದೆ, ಗ್ರೊಮ್ಯಾಕ್ಸ್ ಇಡೀ ಬಾಕ್ಸ್‌ನ ಸರಾಸರಿ ಸಿ6ರಿಂದ. ಆದರೆ ಗ್ರಾಫೀನ್ ಹಾಳೆ ಬಂದ ಮೇಲೆ ಈ ತಿದ್ದುಪಡಿಯನ್ನು ಕೈಬಿಡಿ. ದ್ರವ ಎಲ್ಲ ದಿಕ್ಕಿಗೂ ಒಂದೇ ಸಮ ಹರಡಿದೆ ಎಂಬ ಊಹೆಯ ಮೇಲೆ ಕಟ್ಟಿದ ಲೆಕ್ಕ ಅದು, ಗೋಡೆಯ ಪಕ್ಕದಲ್ಲಿ ಆ ಊಹೆ ನಿಲ್ಲುವುದಿಲ್ಲ.

ಮಿಶ್ರಕ್ಷೇತ್ರ

ಗ್ರಾಫೀನ್ ಪ್ರಶ್ನೆಗೆ. ಹಾಳೆ ಅಲುಗಾಡದೆ ನಿಂತಿರಬೇಕು ಎಂದಷ್ಟೇ ಇದ್ದರೆ ಟರ್ಸಾಫ್ ಬೇಡ. 4 4ಕ್ಕೆ 0.070 ಮತ್ತು 3.55 ಇಟ್ಟು (ಒಪಿಎಲ್ಎಸ್‌ನ ಆರೊಮ್ಯಾಟಿಕ್ ಕಾರ್ಬನ್ ಬೆಲೆ), ಹಾಳೆಯನ್ನು ಸ್ಥಿರ ಮಾಡಿ, ನೇಬ್_ಮಾಡಿಫೈ ಎಕ್ಸ್‌ಕ್ಲೂಡ್‌ನಿಂದ ಹಾಳೆಯೊಳಗಿನ ಜೋಡಿಗಳನ್ನು ಪಟ್ಟಿಯಿಂದ ತೆಗೆದರೆ ಮುಗಿಯಿತು. ಹಾಳೆ ಕಂಪಿಸಬೇಕು ಎಂದಿದ್ದರೆ ಮಾತ್ರ ಹೈಬ್ರಿಡ್ (ಎರಡು ಪೇರ್ ಸ್ಟೈಲ್ ಒಟ್ಟಿಗೆ):

ಪೇರ್_ಸ್ಟೈಲ್ ಹೈಬ್ರಿಡ್ ಎಲ್‌ಜೆ/ಕಟ್/ಕೂಲ್/ಲಾಂಗ್ 12.0 ಟರ್ಸಾಫ್
ಪೇರ್_ಕೋಎಫ್ * * ಟರ್ಸಾಫ್ ಬಿಎನ್‌ಸಿ.ಟರ್ಸಾಫ್ ನಲ್ ನಲ್ ನಲ್ ಸಿ
ಪೇರ್_ಕೋಎಫ್ 1 1 ಎಲ್‌ಜೆ/ಕಟ್/ಕೂಲ್/ಲಾಂಗ್ 0.066 3.5
ಪೇರ್_ಕೋಎಫ್ 2 2 ಎಲ್‌ಜೆ/ಕಟ್/ಕೂಲ್/ಲಾಂಗ್ 0.066 3.5
ಪೇರ್_ಕೋಎಫ್ 3 3 ಎಲ್‌ಜೆ/ಕಟ್/ಕೂಲ್/ಲಾಂಗ್ 0.030 2.5
ಪೇರ್_ಕೋಎಫ್ 1*2 4 ಎಲ್‌ಜೆ/ಕಟ್/ಕೂಲ್/ಲಾಂಗ್ 0.06797 3.52491
ಪೇರ್_ಕೋಎಫ್ 3 4 ಎಲ್‌ಜೆ/ಕಟ್/ಕೂಲ್/ಲಾಂಗ್ 0.04583 2.97909

ಇಲ್ಲಿನ "* *" ಮೇಲೆ ಚರ್ಚಿಸಿದ ನಕ್ಷತ್ರದಂತಲ್ಲ. ಟರ್ಸಾಫ್‌ಗೆ ಅದು ಕಡ್ಡಾಯ. ಫೈಲ್ ಹೆಸರಿನ ನಂತರ ಟೈಪ್ ಕ್ರಮದಲ್ಲಿ ಧಾತುವಿನ ಹೆಸರು ಬರುತ್ತದೆ, ನಲ್ ಎಂದ ಟೈಪ್‌ಗಳಿಗೆ ಅದು ಅನ್ವಯಿಸುವುದಿಲ್ಲ. 1 2, 1 3, 2 3 ಬರೆಯಬೇಕಿಲ್ಲ. ಎರಡೂ ಕಡೆಯ ಟೈಪ್ ಒಂದೇ ಉಪ-ಸ್ಟೈಲ್‌ನಲ್ಲಿದ್ದರೆ ಹೈಬ್ರಿಡ್‌ನಲ್ಲೂ ಮಿಕ್ಸಿಂಗ್ ಆಗುತ್ತದೆ. ಆದರೆ ಟೈಪ್ 4ರ ಕರ್ಣದ ಜೋಡಿ ಟರ್ಸಾಫ್‌ನದ್ದು. ಹಾಗಾಗಿ 4ರ ಜೊತೆಗಿನ ಎಲ್ಲ ಅಡ್ಡ ಜೋಡಿಗಳನ್ನೂ ಕೈಯಿಂದಲೇ ಲೆಕ್ಕ ಹಾಕಿ ಬರೆಯಬೇಕು. ಮೇಲಿನ ಕೊನೆಯ ಎರಡು ಸಾಲು 0.070 ಮತ್ತು 3.55 ಇಟ್ಟುಕೊಂಡು ಜ್ಯಾಮಿತೀಯವಾಗಿ ಮಾಡಿದ್ದು. ಅಡ್ಡ ಜೋಡಿಯಲ್ಲಿ ಸಣ್ಣ ಟೈಪ್ ಸಂಖ್ಯೆ ಮೊದಲು ಬರಲಿ.

ಎರಡು ಕಡೆ ಎಡವುವವರು ಹೆಚ್ಚು. ಒಂದು, ಡೇಟಾ ಫೈಲ್ ತಯಾರಿಸುವ ಉಪಕರಣ ಗ್ರಾಫೀನ್ ಕಾರ್ಬನ್‌ಗಳ ನಡುವೆಯೂ ಬಾಂಡ್ ಬರೆದಿರುತ್ತದೆ. ಅವನ್ನು ತೆಗೆಯಲೇಬೇಕು. ಬಾಂಡ್ ಶಕ್ತಿ ಟರ್ಸಾಫ್ ಮೇಲೆ ಇನ್ನೊಮ್ಮೆ ಸೇರುವುದಲ್ಲದೆ, ಸ್ಪೆಷಲ್_ಬಾಂಡ್ಸ್‌ನ 0 0 ತೂಕದಿಂದಾಗಿ ಕೆಸ್ಪೇಸ್ ಇಲ್ಲದ ಓಟದಲ್ಲಿ ಪಕ್ಕದ ಪರಮಾಣುಗಳು ನೆರೆಪಟ್ಟಿಯಿಂದಲೇ ಹೊರಬಿದ್ದು ಟರ್ಸಾಫ್‌ಗೆ ಕಾಣುವುದೇ ಇಲ್ಲ. ಎರಡು, ಟರ್ಸಾಫ್ ಫೈಲಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. 1 ಎಲೆಕ್ಟ್ರಾನ್ ವೋಲ್ಟ್ ಎಂದರೆ 23.06 ಕಿ.ಕ್ಯಾಲರಿ/ಮೋಲ್. ಯೂನಿಟ್ಸ್ ರಿಯಲ್‌ನಲ್ಲಿ ಓಡಿಸುವಾಗ ನಿಮ್ಮ ಆವೃತ್ತಿ ಪರಿವರ್ತನೆ ಮಾಡಿಕೊಂಡಿತೇ ಎಂದು ತಿಳಿಯಲು ಹಾಳೆಯೊಂದನ್ನೇ ಮೊದಲು ಮೆಟಲ್‌ನಲ್ಲಿ, ಆಮೇಲೆ ರಿಯಲ್‌ನಲ್ಲಿ "ರನ್ 0" ಮಾಡಿ ಅನುಪಾತ ನೋಡಿ.

ಹೈಬ್ರಿಡ್‌ನಲ್ಲಿ ಇವಿಡಿಡಬ್ಲ್ಯುಎಲ್ ಒಳಗೆ ಟರ್ಸಾಫ್ ಶಕ್ತಿಯೂ ಸೇರಿರುತ್ತದೆ. ಎಲ್‌ಜೆ ಭಾಗ ಮಾತ್ರ ಬೇಕೆಂದರೆ ಕಂಪ್ಯೂಟ್ ಪೇರ್‌ನಲ್ಲಿ ಆ ಉಪ-ಸ್ಟೈಲ್ ಹೆಸರು ಕೊಡಿ.

ತಿರುಚುಕೋನ

ಇದೇ ಎಳೆಯನ್ನು ಆಂಬರ್ ಅಥವಾ ಗ್ಯಾಫ್ ಫೋರ್ಸ್ ಫೀಲ್ಡ್‌ನ ಗುಣಾಂಕ ತರುವವರೂ ಓದುತ್ತಾರೆ, ಅವರಿಗಾಗಿ ಒಂದಿಷ್ಟು. ಆ ಫೈಲುಗಳಲ್ಲಿ ಬಾಂಡ್, ಆಂಗಲ್ ಕೆ ಬೆಲೆಗಳು ಲ್ಯಾಂಪ್ಸ್‌ಗೆ ಹಾಗೆಯೇ ಹೊಂದುತ್ತವೆ, ಭಾಗಿಸುವುದೇನೂ ಇಲ್ಲ. ಎಲ್‌ಜೆಯಲ್ಲಿ ಸಿಗ್ಮಾ ಬದಲು ಕನಿಷ್ಠ ಶಕ್ತಿಯ ದೂರದ ಅರ್ಧ ಕೊಟ್ಟಿರುತ್ತಾರೆ, ಅದನ್ನು 1.7818ರಿಂದ ಗುಣಿಸಿದರೆ ಸಿಗ್ಮಾ. ಗ್ಯಾಫ್‌ನ ಸಿ3 ಪರಮಾಣುವಿಗೆ 1.9080 ಇದೆ, ಸಿಗ್ಮಾ 3.39967. ಫೈಲಿನಲ್ಲಿ ದೂರ ಮೊದಲು, ಎಪ್ಸಿಲಾನ್ ಆಮೇಲೆ. ಪೇರ್_ಕೋಎಫ್‌ನಲ್ಲಿ ಎಪ್ಸಿಲಾನ್ ಮೊದಲು: 0.1094 3.39967. ಮಿಕ್ಸ್ ಅರಿತ್‌ಮೆಟಿಕ್ ಎಂದು ಬರೆಯಲೇಬೇಕು, ಸ್ಪೆಷಲ್_ಬಾಂಡ್ಸ್ ಆಂಬರ್ ಎಂದರೆ 1-4 ಎಲ್‌ಜೆಗೆ 0.5, ಕೂಲಂಬ್‌ಗೆ 0.8333.

ಡೈಹೆಡ್ರಲ್ ಸಾಲಿನ ಮೊದಲ ಸಂಖ್ಯೆ ಭಾಜಕ. "ಎಕ್ಸ್-ಸಿ3-ಸಿ3-ಎಕ್ಸ್ 9 1.400 0.0 3" ಎಂದರೆ ಪ್ರತಿ ಡೈಹೆಡ್ರಲ್‌ಗೆ 1.400 ÷ 9 = 0.15556. ಕೊನೆಯ ಸಂಖ್ಯೆ ಋಣವಾಗಿದ್ದರೆ ಮುಂದಿನ ಸಾಲೂ ಅದೇ ಡೈಹೆಡ್ರಲ್‌ನ ಇನ್ನೊಂದು ಪದ ಎಂದರ್ಥ, ಚಿಹ್ನೆ ಬಿಟ್ಟು ಸಂಖ್ಯೆ ತೆಗೆದುಕೊಳ್ಳಿ. ಲ್ಯಾಂಪ್ಸ್‌ನ ಚಾರ್ಮ್ ಸ್ಟೈಲ್‌ನಲ್ಲಿ ಬರೆದರೆ:

ಡೈಹೆಡ್ರಲ್_ಕೋಎಫ್ 1 0.15556 3 0 0.0

ಎರಡನೆಯ ಮತ್ತು ಮೂರನೆಯ ಬೆಲೆ ಪೂರ್ಣಾಂಕವೇ ಆಗಬೇಕು, 180.0 ಎಂದು ಬರೆದರೆ ಅಲ್ಲೇ ದೋಷ ಕೊಟ್ಟು ನಿಲ್ಲುತ್ತದೆ. ಕೊನೆಯ 0.0 ಈ ಸ್ಟೈಲ್ ತಾನಾಗಿ ಸೇರಿಸುವ 1-4 ಶಕ್ತಿಯ ತೂಕ. ಆಂಬರ್‌ನಲ್ಲಿ 1-4 ಈಗಾಗಲೇ ಸ್ಪೆಷಲ್_ಬಾಂಡ್ಸ್ ಮೂಲಕ ಬಂದಿರುವುದರಿಂದ ಇದು ಸೊನ್ನೆಯೇ ಇರಬೇಕು. ಚಾರ್ಮ್ ಫೋರ್ಸ್ ಫೀಲ್ಡ್‌ನಲ್ಲಿ ಇದಕ್ಕೆ ತಿರುಗುಮುರುಗು: ಸ್ಪೆಷಲ್_ಬಾಂಡ್ಸ್‌ನ 1-4 ಸೊನ್ನೆ, ತೂಕ ಇಲ್ಲಿ. ಒಂದೇ ನಾಲ್ಕು ಪರಮಾಣುಗಳಿಗೆ ಎರಡು ಮೂರು ಪದಗಳಿದ್ದರೆ ಒಂದರಲ್ಲಿ ಮಾತ್ರ ತೂಕ ಇಟ್ಟು ಉಳಿದವಕ್ಕೆ 0.0 ಕೊಡಿ, ಆರು ಪರಮಾಣುಗಳ ಉಂಗುರದಲ್ಲಿ ಒಂದೇ 1-4 ಜೋಡಿಗೆ ಎರಡು ದಾರಿ ಇರುವುದರಿಂದ ಎರಡೂ ಕಡೆ 0.5.

ಆಂಬರ್‌ನೊಂದಿಗೆ ಕೂಲಂಬ್ ಹೋಲಿಸುವಾಗ ಐದನೆಯ ಅಂಕಿಯಲ್ಲಿ ಬರುವ ವ್ಯತ್ಯಾಸವನ್ನು ಬೆನ್ನಟ್ಟಬೇಡಿ. ಅಲ್ಲಿನ ಕೂಲಂಬ್ ಸ್ಥಿರಾಂಕ 18.2223ರ ವರ್ಗ, ಅಂದರೆ 332.0522, ಲ್ಯಾಂಪ್ಸ್ ರಿಯಲ್‌ನಲ್ಲಿ 332.0637.